ದಾರಿಯಲ್ಲಿ ದನದ ಜಾತ್ರೆ ಸಿಕ್ಕರೆ ಇಳಿದು ನೋಡಿ

ರಾಗಿ ಕೊಯ್ಲು ಮುಗಿದು ತೆನೆ ಕಣಕ್ಕೆ ಬಿತ್ತು ಅಂದರೆ ನಮ್ಮ ಬೆಂಗಳೂರು ಗ್ರಾಮಾಂತರದ ಕಡೆ ದನದ ಜಾತ್ರೆಗಳ ಕಾಲ ಬಂತು ಅಂತ ಅರ್ಥ. ಮೊದಮೊದಲು ಬರುವುದು ದೊಡ್ಡಬಳ್ಳಾಪುರ ತಾಲೂಕಿನ ಘಾಟಿ ಸುಬ್ರಹ್ಮಣ್ಯದ ಜಾತ್ರೆ. ಅಲ್ಲಿ ಪುಷ್ಯ ಶುದ್ಧ ಷಷ್ಠಿಗೆ ಬ್ರಹ್ಮ ರಥೋತ್ಸವ. ಇಂಗ್ಲಿಷ್ ತಿಂಗಳ ಲೆಕ್ಕದಲ್ಲಿ ಡಿಸೆಂಬರ್ ಕೊನೆ, ಇಲ್ಲಾಂದ್ರೆ ಜನವರಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದನ ಕಟ್ಟುವುದು ತೇರಿಗೆ ವಾರ ಹತ್ತು ದಿನ ಮುಂಚೆಯೇ. ತೇರು ಎಳೆಯುವ ಹೊತ್ತಿಗೆ ಒಳ್ಳೊಳ್ಳೆ ಜೋಡಿಗಳು ಕೈ ಬದಲಾಗಿ ಊರು ಸೇರಿರುತ್ತವೆ. ತೇರಿನ ದಿನ ಹೋದವರಿಗೆ ದೇವರು ಸಿಗುತ್ತಾನೆ, ದನ ಸಿಗುವುದು ಕಷ್ಟ.

ನಾನು ಹೊಸಕೋಟೆ ತಾಲೂಕಿನವನು. ಮೂರು ಎಕರೆ ಖುಷ್ಕಿ. ರಾಗಿ, ಅವರೆ, ಹುರುಳಿ, ಬದುವಿನಲ್ಲಿ ನಾಲ್ಕು ಹರಳು ಗಿಡ. ಘಾಟಿ ಜಾತ್ರೆಯ ಹೆಸರು ಚಿಕ್ಕಂದಿನಿಂದ ಕೇಳಿದ್ದೇ. ಆದರೆ ನಾನು ಅದನ್ನು ನೋಡಿದ್ದು ಹುಡುಕಿಕೊಂಡು ಹೋಗಿ ಅಲ್ಲ. ಒಂದು ವರ್ಷ ಗೌರಿಬಿದನೂರು ಕಡೆಯ ನೆಂಟರ ಮನೆಗೆ ಭಾವಮೈದನ ಗೂಡ್ಸ್ ಗಾಡಿಯಲ್ಲಿ ಹೊರಟಿದ್ದೆವು. ದೊಡ್ಡಬಳ್ಳಾಪುರ ದಾಟಿದ ಮೇಲೆ ಮುಂದೆ ಒಂದರ ಹಿಂದೆ ಒಂದು ಗಾಡಿ, ಪ್ರತಿಯೊಂದರಲ್ಲೂ ಎರಡೆರಡು ಹೋರಿ. ಅವೆಲ್ಲ ಘಾಟಿ ಕಡೆ ತಿರುಗಿದವು. "ಭಾವ, ಒಂದರ್ಧ ಗಂಟೆ ನೋಡಿಕೊಂಡು ಹೋಗಾನ" ಅಂದ. ನಾವೂ ತಿರುಗಿದೆವು. ಸಂಜೆ ತನಕ ಅಲ್ಲೇ ಉಳಿದೆವು. ಆಮೇಲೆ ಮೂರು ವರ್ಷ ಬೇಕಂತಲೇ ಹೋದೆ. ಅಲ್ಲಿ ನೋಡಿದ್ದು, ದನ ಕಟ್ಟಿದವರನ್ನು ಕೇಳಿ ತಿಳಿದದ್ದು, ಇವುಗಳಲ್ಲಿ ನಮ್ಮಂಥ ಸಣ್ಣ ರೈತರಿಗೆ ಬೇಕಾದ್ದನ್ನು ಇಲ್ಲಿ ಬರೆದಿದ್ದೇನೆ.

ಈ ಕಾಲಕ್ಕೇ ಜಾತ್ರೆ ಯಾಕೆ?

ಹಿರಿಯರು ಜಾತ್ರೆಯನ್ನು ಈ ತಿಂಗಳಿಗೆ ಇಟ್ಟದ್ದು ಸುಮ್ಮನೆ ಅಲ್ಲ. ಪುಷ್ಯದ ಹೊತ್ತಿಗೆ ರಾಗಿ ಕೈಗೆ ಬಂದಿರುತ್ತೆ, ಒಂದಿಷ್ಟು ಮಾರಿ ಕಾಸು ಆಗಿರುತ್ತೆ. ಹೊಸ ರಾಗಿ ಹುಲ್ಲು ಬಣವೆ ಏರಿರುತ್ತೆ. ಅಂದರೆ ದನ ಕೊಳ್ಳಲು ದುಡ್ಡೂ ಉಂಟು, ಸಾಕಲು ಮೇವೂ ಉಂಟು. ಉಳುಮೆ ಇಲ್ಲದ ಕಾಲ, ಎತ್ತು ಮಾರಿದರೂ ಕೆಲಸ ನಿಲ್ಲುವುದಿಲ್ಲ. ಇವತ್ತು ಕೊಂಡ ಹೋರಿಗೆ ಯುಗಾದಿಯ ತನಕ ಮೂರು ತಿಂಗಳು ಸಮಯ. ಅಷ್ಟರಲ್ಲಿ ಹೊಸ ಮನೆ, ಹೊಸ ನೀರು, ಹೊಸ ಯಜಮಾನನ ದನಿ ಅದಕ್ಕೆ ಹೊಂದುತ್ತವೆ. ಅಶ್ವಿನಿ, ಭರಣಿ ಮಳೆ ಬಿದ್ದಾಗ ನೊಗಕ್ಕೆ ತಯಾರು.

ಒಂದು ಜಾತ್ರೆ ತಪ್ಪಿದರೆ ಇನ್ನೊಂದಿದೆ. ಸಂಕ್ರಾಂತಿಯ ಆಸುಪಾಸು ನೆಲಮಂಗಲ ತಾಲೂಕಿನ ಶಿವಗಂಗೆ. ಶಿವರಾತ್ರಿ ಕಾಲಕ್ಕೆ ನಂದಿ, ತುಮಕೂರಿನ ಸಿದ್ಧಗಂಗೆ, ಮುಳಬಾಗಿಲು ಕಡೆಯ ಆವನಿ. ಘಾಟಿಯಲ್ಲಿ ಬೆಲೆ ಕುದುರದ ಜೋಡಿಯನ್ನು ಮುಂದಿನ ಜಾತ್ರೆಗೆ ಹೊಡೆದುಕೊಂಡು ಹೋಗುವವರು ಇದ್ದಾರೆ. ಆದ್ದರಿಂದ ಒಂದೇ ದಿನಕ್ಕೆ ಅವಸರ ಬೀಳಬೇಕಾಗಿಲ್ಲ.

ಘಾಟಿಯ ಗುಡಿ ನಾಗನ ಗುಡಿ. ಒಂದೇ ಕಲ್ಲಿನಲ್ಲಿ ಪೂರ್ವಕ್ಕೆ ಮುಖ ಮಾಡಿದ ಸುಬ್ರಹ್ಮಣ್ಯ, ಹಿಂಬದಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ನರಸಿಂಹ. ಹಿಂದಿನ ದೇವರು ಭಕ್ತರಿಗೆ ಕಾಣಲಿ ಅಂತ ಕನ್ನಡಿ ಇಟ್ಟಿದ್ದಾರೆ. ಸುತ್ತ ಹರಕೆ ಹೊತ್ತವರು ನೆಟ್ಟ ನಾಗರಕಲ್ಲುಗಳ ಸಾಲು. ಹೊಲದಲ್ಲಿ ಇಲಿ ಹಿಡಿಯುವ ಹಾವಿಗೂ, ಹೊಲ ಉಳುವ ಎತ್ತಿಗೂ ಒಂದೇ ಜಾಗದಲ್ಲಿ ಮರ್ಯಾದೆ. ನಮಗೆ ಇದು ಸರಿಯಾಗಿಯೇ ಕಾಣುತ್ತದೆ.

ರಸ್ತೆ ಬದಿಯ ಚಪ್ಪರ, ಒಳಗಿನ ಸಾಲು

ದಾರಿಯಲ್ಲಿ ಹೋಗುವವರ ಕಣ್ಣಿಗೆ ಮೊದಲು ಬೀಳುವುದು ಶಾಮಿಯಾನ ಹಾಕಿ, ದೀಪ ಕಟ್ಟಿ, ಹೂವಿನ ಹಾರ ಹಾಕಿ ನಿಲ್ಲಿಸಿದ ಜೋಡಿಗಳು. ಕೊಂಬು ಹೆರೆದು ಎಣ್ಣೆ ಸವರಿರುತ್ತಾರೆ. ಕೊರಳಿಗೆ ಗೆಜ್ಜೆ, ಮೈಮೇಲೆ ಜೂಲು. ಕೆಲವರು ತಮಟೆ ವಾದ್ಯದ ಜೊತೆ ಮೆರವಣಿಗೆ ಮಾಡಿಸುತ್ತಾರೆ. ಇವುಗಳ ಬೆಲೆ ಲಕ್ಷಗಟ್ಟಲೆ. ಎತ್ತಿನ ಗಾಡಿ ಓಟಕ್ಕೆ ಅನುಕೂಲವಾಗುವಂತೆ ಕರ್ನಾಟಕ ಸರ್ಕಾರ 2017ರಲ್ಲಿ ಕಾನೂನು ತಿದ್ದುಪಡಿಗೆ ಹೊರಟಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಓಟದ ಹುಚ್ಚು ಇರುವವರಿಂದ ಇಂಥ ಹೋರಿಗಳಿಗೆ ಗಿರಾಕಿ ಗಟ್ಟಿಯಾಗಿದೆ.

ಬಹಳ ಜನ ಇಷ್ಟು ನೋಡಿ, ಫೋಟೋ ತೆಗೆದು, ಕಡಲೆಕಾಯಿ ತಿಂದು ಹೊರಟುಬಿಡುತ್ತಾರೆ. "ಇದು ನಮ್ಮ ಕೈಗೆ ಎಟುಕುವ ಜಾತ್ರೆ ಅಲ್ಲ" ಅಂತಾರೆ. ನಾನು ಹೇಳುವುದು, ಚಪ್ಪರ ದಾಟಿ ಒಳಗೆ ನಡೆಯಿರಿ. ಮರಗಳ ಕೆಳಗೆ, ಬಯಲಿನಲ್ಲಿ, ಬರೀ ಗೂಟ ಹೊಡೆದು ಕಟ್ಟಿದ ಸಾಲುಗಳಿವೆ. ಅಲ್ಲಿ ಹಾರ ಇಲ್ಲ, ದೀಪ ಇಲ್ಲ. ಪಕ್ಕದಲ್ಲಿ ಮೂರು ಕಲ್ಲಿನ ಒಲೆ, ಮುದ್ದೆ ಸಾರು. ಮಾರುವವನೂ ನಮ್ಮಂಥವನೇ, ಎರಡು ಮೂರು ಎಕರೆಯವನು. ಜಾತ್ರೆಯ ನಿಜವಾದ ವ್ಯಾಪಾರ ಇರುವುದು ಇಲ್ಲಿ.

ಹಳ್ಳಿಕಾರ್ ಗುರುತು

ಘಾಟಿಯಲ್ಲಿ ಬಹುಪಾಲು ಹಳ್ಳಿಕಾರ್ ತಳಿಯೇ. ಬೂದು ಬಣ್ಣ, ಹೋರಿಗಳಲ್ಲಿ ಭುಜ ಮತ್ತು ಹಿಂಭಾಗ ಕಪ್ಪು ತಿರುಗಿರುತ್ತದೆ. ಉದ್ದನೆಯ ಕಿರಿದಾದ ಮುಖ. ಕೊಂಬುಗಳು ಬುಡದಲ್ಲಿ ಒಂದಕ್ಕೊಂದು ಹತ್ತಿರ ಹುಟ್ಟಿ, ಹಿಂದಕ್ಕೆ ಹೋಗಿ, ತುದಿ ಮುಂದಕ್ಕೆ ಬಾಗಿರುತ್ತವೆ. ಕಾಲು ಉದ್ದ, ಗೊರಸು ಚಿಕ್ಕದು ಮತ್ತು ಗಟ್ಟಿ. ನಮ್ಮ ಕಲ್ಲು ಮಿಶ್ರಿತ ಕೆಂಪು ನೆಲಕ್ಕೆ ಹೇಳಿ ಮಾಡಿಸಿದ ದನ. ಬರೀ ರಾಗಿ ಹುಲ್ಲು ತಿಂದು ಬಿಸಿಲಲ್ಲಿ ದುಡಿಯುವ ಶಕ್ತಿ ಅದಕ್ಕಿದೆ.

ಮೈಸೂರು ದೊರೆಗಳ ಕಾಲದಲ್ಲಿ ಅರಮನೆಯ ದನಗಳಿಗೆ ಬೆಣ್ಣೆ ಚಾವಡಿ ಅಂತ ಇಲಾಖೆ ಇತ್ತು. ಇದೇ ಜಿಲ್ಲೆಯ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. ತೋಪು ಎಳೆಯಲು ಹೆಸರಾದ ಆ ಅಮೃತ ಮಹಲ್ ತಳಿ ಬೆಳೆದದ್ದು ಹಳ್ಳಿಕಾರ್ ರಕ್ತದಿಂದಲೇ. 2000ನೇ ಇಸವಿಯಲ್ಲಿ ಅಂಚೆ ಇಲಾಖೆ ದೇಶಿ ದನಗಳ ಅಂಚೆಚೀಟಿ ತಂದಾಗ ಅದರಲ್ಲಿ ಹಳ್ಳಿಕಾರ್‌ಗೂ ಒಂದು ಚೀಟಿ ಸಿಕ್ಕಿತು.

ಬಾಯಿ ಬಿಡಿಸಿ ನೋಡುವುದು

ದನಕ್ಕೆ ಮುಂದಿನ ಹಲ್ಲು ಇರುವುದು ಕೆಳದವಡೆಯಲ್ಲಿ ಮಾತ್ರ, ಒಟ್ಟು ಎಂಟು. ಕರುವಿನ ಸಣ್ಣ ಹಾಲುಹಲ್ಲು ಜೋಡಿ ಜೋಡಿಯಾಗಿ ಬಿದ್ದು ದೊಡ್ಡ ಹಲ್ಲು ಬರುತ್ತವೆ. ನಡುವಿನ ಜೋಡಿ ಮೊದಲು. ಇದರಿಂದಲೇ ವಯಸ್ಸಿನ ಲೆಕ್ಕ.

ಹಾಲುಹಲ್ಲು ಅಂದರೆ ಸುಮಾರು ಎರಡು ವರ್ಷದ ಒಳಗೆ.
ಎರಡು ಹಲ್ಲು ಅಂದರೆ ಎರಡರಿಂದ ಎರಡೂವರೆ ವರ್ಷ.
ನಾಲ್ಕು ಹಲ್ಲು ಅಂದರೆ ಮೂರರ ಸುತ್ತಮುತ್ತ.
ಆರು ಹಲ್ಲು ಅಂದರೆ ಮೂರೂವರೆ, ನಾಲ್ಕು.
ಎಂಟೂ ಬಂದರೆ ಬಾಯಿಗೂಡಿದ್ದು. ನಾಲ್ಕೂವರೆ, ಐದು ವರ್ಷ.

ಮೇವು, ಆರೈಕೆಯ ಮೇಲೆ ಆರು ತಿಂಗಳು ಆಚೀಚೆ ಆಗಬಹುದು. ಬಾಯಿಗೂಡಿದ ಮೇಲೆ ವಯಸ್ಸು ಹೇಳುವುದು ಹಲ್ಲಿನ ಸವೆತ ನೋಡಿ. ಅದಕ್ಕೆ ಅನುಭವಸ್ಥರ ಕಣ್ಣು ಬೇಕು. ನೆನಪಿಡಬೇಕಾದ್ದು ಇಷ್ಟು. ಬಾಯಿಗೂಡುವ ತನಕ ಹೋರಿಯ ಬೆಲೆ ಏರುತ್ತಾ ಹೋಗುತ್ತದೆ, ಆಮೇಲೆ ನಿಂತು, ಇಳಿಯುತ್ತದೆ.

ಮಾಗಡಿ ಕಡೆಯ ಯಜಮಾನರೊಬ್ಬರನ್ನು ನಾನು ಬೆಲೆ ಕೇಳಿದೆ. "ಬೆಲೆ ಆಮ್ಯಾಕೆ ಕೇಳಪ್ಪ. ಮೊದ್ಲು ಬಾಯಿ ನೋಡು, ಆಮ್ಯಾಕೆ ನಡೆಸಿ ನೋಡು, ಆಮ್ಯಾಕೆ ಸಗಣಿ ನೋಡು" ಅಂದರು. ಅವರು ಹೇಳಿದ್ದು ಪೂರ್ತಿ ಪಾಠ. ನಡೆಸಿದಾಗ ಹಿಂದಿನ ಹೆಜ್ಜೆ ಮುಂದಿನ ಹೆಜ್ಜೆಯ ಗುರುತಿನ ಹತ್ತಿರ ಬೀಳಬೇಕು. ಕಾಲು ಒಂದಕ್ಕೊಂದು ತಾಗಬಾರದು. ಸಗಣಿ ತೆಳುವಾಗಿ ವಾಸನೆ ಹೊಡೆದರೆ ಹೊಟ್ಟೆ ಸರಿ ಇಲ್ಲ. ಮೂಗಿನ ತುದಿ ತೇವ ಇರಬೇಕು. ಹೆಗಲು ತಡವಿ ನೋಡಿ, ಹಳೆ ಗಾಯ, ಗಂಟು ಇದೆಯೇ ಅಂತ. ಕಣ್ಣ ಮುಂದೆ ಕೈ ಆಡಿಸಿ, ರೆಪ್ಪೆ ಬಡಿಯಬೇಕು. ಪಳಗಿದ ಎತ್ತಾದರೆ ಎಡಕ್ಕೆ ಪಳಗಿದ್ದೋ ಬಲಕ್ಕೋ ಕೇಳಿ. ಒಂಟಿ ಎತ್ತು ಕೊಳ್ಳುವವರು ಇದನ್ನು ಕೇಳಲೇಬೇಕು. ಸಾಧ್ಯವಾದರೆ ನೊಗ ಕಟ್ಟಿಸಿ ನಾಲ್ಕು ಹೆಜ್ಜೆ ನಡೆಸಿ.

ಇನ್ನು ಸುಳಿ. ಹಣೆ, ಬೆನ್ನು, ಭುಜದ ಮೇಲಿನ ಕೂದಲ ಸುಳಿ ನೋಡಿ ಶುಭ ಅಶುಭ ಹೇಳುವವರು ಜಾತ್ರೆ ತುಂಬ ಇದ್ದಾರೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಸುಳಿ ಸರಿಯಿಲ್ಲ ಅಂತ ಬೆಲೆ ಇಳಿದ ಗಟ್ಟಿಮುಟ್ಟಾದ ಹೋರಿ ನೇಗಿಲಿಗೆ ಏನೂ ಕಡಿಮೆ ಇಲ್ಲ. ಕೈಯಲ್ಲಿ ಕಾಸು ಕಡಿಮೆ ಇದ್ದವರಿಗೆ ಅದು ಅನುಕೂಲ. ಮಾರುವಾಗ ಅದೇ ಸುಳಿ ನಮ್ಮ ಬೆಲೆಯನ್ನೂ ಇಳಿಸುತ್ತದೆ ಅನ್ನುವುದು ಮಾತ್ರ ಲೆಕ್ಕದಲ್ಲಿರಲಿ.

ಟವೆಲ್ ಕೆಳಗಿನ ವ್ಯಾಪಾರ

ಘಾಟಿಯಲ್ಲಿ ಈಗಲೂ ಇಬ್ಬರು ಟವೆಲ್ ಮರೆಯಲ್ಲಿ ಕೈ ಹಿಡಿದುಕೊಂಡು ನಿಂತಿರುವುದು ಕಾಣುತ್ತದೆ. ಎಷ್ಟು ಬೆರಳು ಹಿಡಿದರೋ ಅಷ್ಟು ಸಾವಿರ, ಅಥವಾ ಅಷ್ಟು ಹತ್ತು ಸಾವಿರ. ಯಾವುದು ಅನ್ನುವುದು ಇಬ್ಬರಿಗೂ ಮೊದಲೇ ಗೊತ್ತಿರುತ್ತೆ. ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದು ಅಂತ ಈ ಮರೆ. ಮಾರುವವನಿಗೆ ಇದರಿಂದ ಒಂದು ಲಾಭ. ಒಬ್ಬ ಕಡಿಮೆಗೆ ಕೇಳಿದ್ದು ಮತ್ತೊಬ್ಬನಿಗೆ ಗೊತ್ತಾಗುವುದಿಲ್ಲ. ಆದರೆ ನಡುವೆ ದಲ್ಲಾಳಿ ಇದ್ದರೆ ಅವನು ನಿಮ್ಮ ಕೈಯಲ್ಲಿ ಒಂದು, ಅವರ ಕೈಯಲ್ಲಿ ಇನ್ನೊಂದು ಹಿಡಿಯುವುದಕ್ಕೂ ಇದೇ ಟವೆಲ್ ದಾರಿ.

ಹಾಗಂತ ದಲ್ಲಾಳಿಗಳೆಲ್ಲ ಕೆಟ್ಟವರಲ್ಲ. ದನ ಗೊತ್ತಿಲ್ಲದವನಿಗೆ ಒಳ್ಳೆ ದಲ್ಲಾಳಿ ಉಪಕಾರವನ್ನೇ ಮಾಡುತ್ತಾನೆ. ಅವನ ಕಮಿಷನ್ ಎಷ್ಟು ಅಂತ ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಕೊನೆಯ ಬೆಲೆಯನ್ನು ಮಾರುವವರ ಬಾಯಿಂದಲೇ ಕೇಳಿ. ಸಂಚಕಾರ, ಅಂದರೆ ಅಡ್ವಾನ್ಸು ಕೊಡುವಾಗ ಇಬ್ಬರು ಎದುರಿಗಿರಲಿ. ಬೆಳಿಗ್ಗೆ ಒಂದು ಸುತ್ತು ಬರೀ ನೋಡಿ, ಬೇರೆಯವರ ವ್ಯಾಪಾರದ ಬಳಿ ನಿಂತು ಕೇಳಿ, ಮಧ್ಯಾಹ್ನದ ಮೇಲೆ ಮಾತು ಶುರು ಮಾಡಿದರೆ ಪೇಟೆಯ ಬೆಲೆ ಅಂದಾಜು ಸಿಕ್ಕಿರುತ್ತದೆ.

ಟ್ರ್ಯಾಕ್ಟರ್ ಇರುವಾಗ ಎತ್ತು ಯಾಕೆ?

ಈ ಪ್ರಶ್ನೆ ನಮ್ಮೂರಲ್ಲೂ ಕೇಳುತ್ತಾರೆ. ಟ್ರ್ಯಾಕ್ಟರ್ ಬೇಡ ಅಂತ ನಾನು ಹೇಳುವುದಿಲ್ಲ. ನೆಲ ಗಟ್ಟಿಯಾಗಿದ್ದಾಗ ಒಂದು ಸಲ ಉಳಲು ಅದೇ ಸರಿ. ತೊಂದರೆ ಹದದ್ದು. ನಮ್ಮ ಕೆಂಪು ಮಣ್ಣಿನಲ್ಲಿ ಮಳೆ ಬಿದ್ದ ಮೇಲೆ ಬಿತ್ತನೆಯ ಹದ ಇರುವುದು ಎರಡು ಮೂರು ದಿನ. ಬಾಡಿಗೆ ಟ್ರ್ಯಾಕ್ಟರ್ ಮೊದಲು ಹೋಗುವುದು ಹತ್ತು ಎಕರೆಯವರ ಹೊಲಕ್ಕೆ. ಅವರ ಕೆಲಸ ಮುಗಿಸಿ ನಮ್ಮ ಮೂಲೆ ತುಂಡಿಗೆ ಬರುವಷ್ಟರಲ್ಲಿ ಹದ ಹಾರಿಹೋಗಿರುತ್ತೆ. ನನ್ನ ಪಕ್ಕದ ಹೊಲದವರು ಹೀಗೆ ಕಾದು ಕಾದು ರಾಗಿ ಬಿತ್ತನೆ ಹದಿನೈದು ದಿನ ತಡವಾಗಿ, ತೆನೆ ಕಟ್ಟುವಾಗ ಮಳೆ ಇಲ್ಲದೆ ಅರ್ಧ ಬೆಳೆ ಕಂಡರು. ಮನೆಯ ಎತ್ತಿಗೆ ಸರದಿ ಇಲ್ಲ.

ಬೆಳೆ ಮೇಲೆ ಬಂದ ಮೇಲಂತೂ ಎತ್ತೇ ಬೇಕು. ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕಿದ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಲು ಆಗುವುದಿಲ್ಲ. ಕುಂಟೆ ಹೊಡೆದರೆ ಕಳೆಯೂ ಹೋಗುತ್ತೆ, ಮೇಲ್ಮಣ್ಣು ಸಡಿಲವಾಗಿ ತೇವವೂ ನಿಲ್ಲುತ್ತೆ. ಒಂದು ಜೋಡಿ ದಿನಕ್ಕೆ ಸುಮಾರು ಇಪ್ಪತ್ತು ಕೆ.ಜಿ. ಸಗಣಿ ಹಾಕುತ್ತದೆ. ವರ್ಷಕ್ಕೆ ಏಳು ಟನ್ ಹಸಿ ಸಗಣಿ. ಮೂರು ಎಕರೆಯ ಖುಷ್ಕಿಗೆ ಇದು ಸಣ್ಣ ಮಾತಲ್ಲ.

ಕರು ಕೊಂಡು ಜೋಡಿ ಮಾರುವ ಲೆಕ್ಕ

ಒಳಗಿನ ಸಾಲಿನ ಬಹಳ ರೈತರು ಮಾಡುವುದು ಇದನ್ನೇ. ಹಾಲುಹಲ್ಲಿನ ಹೋರಿಕರು ಜೋಡಿ ಕೊಂಡು, ಎರಡು ವರ್ಷ ಸಾಕಿ ಪಳಗಿಸಿ, ನಾಲ್ಕೋ ಆರೋ ಹಲ್ಲಿಗೆ ಅದೇ ಜಾತ್ರೆಯಲ್ಲಿ ಮಾರಿ, ಮತ್ತೆ ಕರು ಕೊಂಡು ಮನೆಗೆ ಹೋಗುವುದು. ಲೆಕ್ಕ ತಿಳಿಯಲಿ ಅಂತ ಒಂದು ಅಂದಾಜು ಅಂಕಿ ಹಿಡಿಯುತ್ತೇನೆ. ಅಂಕಿ ನಿಮ್ಮೂರಿನದು ಹಾಕಿಕೊಳ್ಳಿ.

ಕರು ಜೋಡಿಗೆ 70,000 ರೂ. ಹುಲ್ಲು ಮನೆಯದು. ಹಿಂಡಿ, ಬೂಸಾ, ಹುರುಳಿಗೆ ಜೋಡಿಗೆ ದಿನಕ್ಕೆ 60 ರೂ. ಅಂದರೆ ಎರಡು ವರ್ಷಕ್ಕೆ ಸುಮಾರು 43,200. ಹಗ್ಗ, ಮೂಗುದಾರ, ಲಾಳ, ಔಷಧಿ, ಜಾತ್ರೆಯ ಗಾಡಿ ಬಾಡಿಗೆ 6,800. ಒಟ್ಟು 1,20,000. ಪಳಗಿದ ಜೋಡಿ 1,50,000ಕ್ಕೆ ಹೋದರೆ 30,000 ಕೈಯಲ್ಲಿ ಉಳಿಯಿತು. 1,10,000ಕ್ಕೇ ಹೋದರೆ ಹತ್ತು ಸಾವಿರ ಕೈಬಿಟ್ಟಿತು. ಆದರೆ ಆಗಲೂ ಎರಡು ವರ್ಷದ ಗೊಬ್ಬರ, ಕುಂಟೆ, ಒಂದು ವರ್ಷದ ಉಳುಮೆ ನಮ್ಮ ಹೊಲದಲ್ಲೇ ಉಳಿದಿವೆ. ಮನೆಯ ಹುಲ್ಲಿನ ಬೆಲೆ, ನಮ್ಮ ಕೂಲಿ ಇದರಲ್ಲಿ ಸೇರಿಸಿಲ್ಲ ಅನ್ನುವುದನ್ನೂ ಮರೆಯಬಾರದು.

ಮೊದಲ ವರ್ಷ ಹೋರಿಗಳಿಗೆ ಭಾರದ ಕೆಲಸ ಕೊಡಬೇಡಿ. ಎರಡು ಹಲ್ಲಿಗೆ ಹಗುರ ಗಾಡಿ, ಹಗುರ ಕುಂಟೆ ಸಾಕು. ಆ ವರ್ಷ ಉಳುಮೆಗೆ ಬಾಡಿಗೆ ಹಿಡಿಯಬೇಕಾಗುತ್ತದೆ. ಈ ವರ್ಷವೇ ನೇಗಿಲು ಕಟ್ಟಬೇಕು ಅನ್ನುವವರು ನಾಲ್ಕು ಹಲ್ಲಿನದ್ದೇ ಕೊಳ್ಳಬೇಕು. ಬಾಯಿಗೂಡಿ ವರ್ಷಗಳಾಗುವ ತನಕ ಇಟ್ಟುಕೊಂಡರೆ ಮಾರುವುದು ಕಷ್ಟ. 2021ರಲ್ಲಿ ಗೋಹತ್ಯೆ ನಿಷೇಧದ ಕಾಯ್ದೆ ಬಿಗಿಯಾದ ಮೇಲೆ ಮುದಿ ಎತ್ತು ಕೊಟ್ಟು ಎಳೆಯದಕ್ಕೆ ಕಾಸು ಸೇರಿಸುವ ಹಳೆಯ ದಾರಿ ಬಹುಪಾಲು ಮುಚ್ಚಿದೆ. ಕೊನೆತನಕ ಸಾಕುವ ಮನಸ್ಸಿದ್ದರೆ ಸರಿ. ಇಲ್ಲಾಂದ್ರೆ ಹಲ್ಲು ಎಣಿಸಿಕೊಂಡು ಸಮಯಕ್ಕೆ ಮಾರಬೇಕು.

ಕರು ಎಲ್ಲಿಂದ ಬರಬೇಕು?

ಇಷ್ಟೆಲ್ಲ ನಡೆಯಬೇಕಾದರೆ ಮೊದಲು ಕರು ಹುಟ್ಟಬೇಕು. ನಾನು ಜಾತ್ರೆಯಲ್ಲಿ ಕೇಳಿದವರಲ್ಲಿ ಹೆಚ್ಚಿನವರು ಹೇಳಿದ ಚಿಂತೆ ಇದೇ. ಹೋರಿ ಸಾಕುವವರು ಇದ್ದಾರೆ, ಹಸು ಸಾಕುವವರು ಕಡಿಮೆಯಾಗಿದ್ದಾರೆ. ಹಳ್ಳಿಕಾರ್ ಹಸು ದಿನಕ್ಕೆ ಎರಡು ಲೀಟರ್ ಆಸುಪಾಸು ಹಾಲು ಕೊಡುತ್ತದೆ. ಡೇರಿಗೆ ಹಾಲು ಹಾಕಿ ಸಂಸಾರ ನಡೆಸುವವರಿಗೆ ಅದು ಸಾಲದು. ಸೀಮೆ ಹಸು ಕಟ್ಟುವುದರಲ್ಲಿ ತಪ್ಪಿಲ್ಲ, ನಮ್ಮ ಮನೆಯಲ್ಲೂ ಒಂದಿದೆ. ಆದರೆ ಸೀಮೆ ಹಸುವಿನ ಗಂಡುಕರು ನಮ್ಮ ಬಿಸಿಲಲ್ಲಿ ಹಳ್ಳಿಕಾರಿನಂತೆ ನೇಗಿಲು ಎಳೆಯುವುದಿಲ್ಲ. ಹಳ್ಳಿಯಲ್ಲಿ ಹಳ್ಳಿಕಾರ್ ಹಸು ನಿಂತರೆ ಒಳಗಿನ ಸಾಲು ಖಾಲಿಯಾಗುತ್ತದೆ. ಆಗ ಜಾತ್ರೆಯಲ್ಲಿ ಉಳಿಯುವುದು ರಸ್ತೆ ಬದಿಯ ಚಪ್ಪರ ಮಾತ್ರ. ನೋಡಲು ಚೆನ್ನ, ಕೊಳ್ಳಲು ಆಗದು.

ಆದ್ದರಿಂದ ಎರಡು ಸೀಮೆ ಹಸು ಇರುವ ಮನೆಯಲ್ಲಿ ಒಂದು ಹಳ್ಳಿಕಾರ್ ಹಸುವಿಗೂ ಗೂಟ ಇರಲಿ. ಅದು ಬಣವೆಯ ಹುಲ್ಲು, ಬದುವಿನ ಮೇವಿನಲ್ಲಿ ಬದುಕುತ್ತದೆ. ಜಾತ್ರೆಗೆ ಬರುವ ಬೀಜದ ಹೋರಿಗಳನ್ನು ನೋಡಿ ಅವುಗಳ ಯಜಮಾನರ ಊರು ಕೇಳಿಟ್ಟುಕೊಳ್ಳಿ. ಹೋರಿ ದೂರ ಇದ್ದರೆ ಪಶು ಆಸ್ಪತ್ರೆಯಲ್ಲಿ ಹಳ್ಳಿಕಾರ್ ವೀರ್ಯದ ಕಡ್ಡಿ ಬೇಕು ಅಂತ ಕೇಳಿ, ಇಲ್ಲ ಅಂದರೆ ತರಿಸಿಕೊಡಿ ಅನ್ನಿ. ತುರುವೇಕೆರೆ ತಾಲೂಕಿನ ಕುಣಿಕೇನಹಳ್ಳಿಯಲ್ಲಿ ಈ ತಳಿಗಾಗಿಯೇ ಸರ್ಕಾರದ ಸಂವರ್ಧನಾ ಕೇಂದ್ರ ಇದೆ.

ಹೋಗುವವರಿಗೆ ನಾಲ್ಕು ಮಾತು

1. ಪಂಚಾಂಗ ನೋಡಿ ಪುಷ್ಯ ಶುದ್ಧ ಷಷ್ಠಿ ಯಾವತ್ತು ಅಂತ ಗುರುತು ಹಾಕಿ, ಅದಕ್ಕೆ ಐದಾರು ದಿನ ಮೊದಲು ಹೋಗಿ. ಹೊರಡುವ ಮುಂಚೆ ಜಾತ್ರೆ ಸೇರಿದೆಯೇ ಅಂತ ವಿಚಾರಿಸಿ. 2022ರ ಕೊನೆಯಲ್ಲಿ ಚರ್ಮಗಂಟು ರೋಗ ಹರಡಿದಾಗ ದನದ ಜಾತ್ರೆಗಳಿಗೆ ನಿಷೇಧ ಬಿದ್ದಿತ್ತು.

2. ಮನೆಯ ದನ ಕಟ್ಟಲು ಒಯ್ಯುವುದಾದರೆ ಮೂರು ವಾರ ಮೊದಲೇ ಕಾಲುಬಾಯಿ ಜ್ವರದ ಲಸಿಕೆ ಆಗಿರಲಿ. ಕೊಳ್ಳುವ ದನದ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಓಲೆ ಇದೆಯೇ ನೋಡಿ, ಯಾವ ಲಸಿಕೆ ಆಗಿದೆ ಕೇಳಿ.

3. ಕೊಂಡ ಮೇಲೆ ಮಾರಿದವರ ಹೆಸರು, ಊರು, ಬೆಲೆ, ಓಲೆಯ ನಂಬರು ಬರೆಸಿ ಸಹಿ ಹಾಕಿಸಿದ ಚೀಟಿ ಇಟ್ಟುಕೊಳ್ಳಿ. ಪಶು ವೈದ್ಯರಿಂದ ಆರೋಗ್ಯದ ಸರ್ಟಿಫಿಕೇಟ್ ಪಡೆಯಿರಿ. ಸಾಗಿಸಲು ಬೇರೆ ಏನು ಕಾಗದ ಬೇಕು ಅಂತ ಅವರನ್ನೇ ಕೇಳಿ. ದಾರಿಯಲ್ಲಿ ತಡೆದರೆ ಉತ್ತರ ಹೇಳುವುದು ಈ ಕಾಗದಗಳೇ.

4. ಊರಿಗೆ ತಂದ ಹೋರಿಯನ್ನು ಹದಿನೈದು ಇಪ್ಪತ್ತು ದಿನ ಬೇರೆ ಕಟ್ಟಿ. ಮನೆಯ ದನದ ಬಾನಿಯಲ್ಲಿ ನೀರು ಕುಡಿಸಬೇಡಿ. ಮೇವು ನಿಧಾನವಾಗಿ ಬದಲಿಸಿ.

ಕೊಳ್ಳುವ ಯೋಚನೆ ಇಲ್ಲದಿದ್ದರೂ ಮನೆಯ ಹುಡುಗರನ್ನು ಒಂದು ಸಲ ಕರೆದುಕೊಂಡು ಹೋಗಿ. ಹಲ್ಲು ಎಣಿಸುವುದು, ನಡಿಗೆ ನೋಡುವುದು, ಬೆಲೆ ಮಾತಾಡುವುದು ಅಲ್ಲಿ ಒಂದು ದಿನಕ್ಕೆ ಕಣ್ಣಾರೆ ಕಲಿಯಬಹುದು. ಫೀಸು ಇಲ್ಲ. ಬುತ್ತಿ ಮಾತ್ರ ಕಟ್ಟಿಕೊಂಡು ಹೋದರೆ ಆಯಿತು.